ಉಪಕಾರಸ್ಮರಣೆ ಎಂಬ ಉಪದ್ರವ

ಬೆಳಿಗ್ಗೆ ಎದ್ದ ಕೂಡಲೇ ಮೂರು ವಿಷಯಗಳಿಗೆ ಧನ್ಯವಾದ ಹೇಳಬೇಕಂತೆ. ರಾತ್ರಿ ಮಲಗುವ ಮುಂಚೆ ಇನ್ನೂ ಮೂರಕ್ಕೆ. ಅದಕ್ಕೊಂದು ಡೈರಿ ಬಂದಿದೆ. ಡೈರಿ ಬರೆಯುವ ತಾಳ್ಮೆ ಇಲ್ಲದವರಿಗೆ ಆ್ಯಪ್ ಬಂದಿದೆ. ಆ್ಯಪ್ ತೆರೆಯಲು ಮರೆತರೆ ಮೊಬೈಲೇ ಟಿಣ್ ಎಂದು ನೆನಪಿಸುತ್ತದೆ. ಇನ್‌ಕ್ರಿಮೆಂಟ್ ಕೊಡಲು ಮನಸ್ಸಿಲ್ಲದ ವರ್ಷ ಕಂಪನಿಗಳು ಒಬ್ಬ ತರಬೇತುದಾರನನ್ನು ಕರೆಸಿ, ನೌಕರರನ್ನು ಕಣ್ಣು ಮುಚ್ಚಿ ಕೂರಿಸಿ, 'ನಿಮಗೆ ಸಿಕ್ಕಿದ್ದನ್ನೆಲ್ಲ ಒಮ್ಮೆ ನೆನೆಯಿರಿ' ಎನ್ನಿಸುತ್ತವೆ. ಶಾಲೆಗಳಲ್ಲಿ ಮಕ್ಕಳಿಗೂ ಇದೇ ಹೋಂವರ್ಕ್. ವಾಟ್ಸ್‌ಆ್ಯಪ್‌ನಲ್ಲಂತೂ ಕೇಳುವುದೇ ಬೇಡ. ಸೂರ್ಯೋದಯದ ಚಿತ್ರ, ಕೆಳಗೆ ಒಂದು ದೀಪ, ಅದರ ಕೆಳಗೆ 'ಇಲ್ಲದ್ದಕ್ಕೆ ಕೊರಗಬೇಡಿ, ಇರುವುದಕ್ಕೆ ಕೃತಜ್ಞರಾಗಿರಿ'.

ಇಷ್ಟು ಸಲೀಸಾಗಿ ಎಲ್ಲರೂ ತಲೆದೂಗಿದ ಉಪದೇಶ ಇತ್ತೀಚೆಗೆ ಇನ್ನೊಂದಿಲ್ಲ. ಮಠದ ಸ್ವಾಮಿಗಳು ಹೇಳುತ್ತಾರೆ, ಮ್ಯಾನೇಜ್‌ಮೆಂಟ್ ಗುರುಗಳು ಹೇಳುತ್ತಾರೆ, ಮನೋವೈದ್ಯರು ಹೇಳುತ್ತಾರೆ, ಮಂತ್ರಿಗಳು ವೇದಿಕೆ ಮೇಲೆ ಹೇಳುತ್ತಾರೆ. ಎಲ್ಲರೂ ಒಂದೇ ಮಾತು ಹೇಳತೊಡಗಿದಾಗ ಆ ಮಾತಿನಿಂದ ಲಾಭ ಯಾರಿಗೆ ಎಂದು ಕೇಳುವುದು ಪತ್ರಿಕೆ ಓದುವವರ ಕನಿಷ್ಠ ಕರ್ತವ್ಯ. ಕೇಳಿದರೆ ಕೃತಘ್ನ ಎಂಬ ಬಿರುದು ಸಿಗುತ್ತದೆ. ಸಿಗಲಿ.

ನನ್ನ ಆರೋಪ ಇಷ್ಟು. ನಮ್ಮ ಸಮಾಜದಲ್ಲಿ ಕೃತಜ್ಞತೆಯ ಪಾಠ ಯಾವತ್ತೂ ಮೇಲಿನಿಂದ ಕೆಳಕ್ಕೇ ಇಳಿದಿದೆ. ಅದನ್ನು ಹೇಳುವವನು ಕೊಡಬೇಕಾದ ಸ್ಥಾನದಲ್ಲಿದ್ದಾನೆ, ಕೇಳಿಸಿಕೊಳ್ಳುವವನು ಪಡೆಯಬೇಕಾದ ಸ್ಥಾನದಲ್ಲಿದ್ದಾನೆ. ಬಾಕಿ ಹಣವನ್ನು ಉಪಕಾರ ಎಂದು ಬರೆದುಕೊಳ್ಳುವ ಲೆಕ್ಕಪತ್ರ ಇದು. ನಿಮ್ಮ ಹಕ್ಕಿನದನ್ನು ಅರ್ಧ ಕೊಟ್ಟು, ಉಳಿದರ್ಧಕ್ಕೆ ನಿಮ್ಮ ಕೈಯಲ್ಲೇ ಥ್ಯಾಂಕ್ಸ್ ಹೇಳಿಸಿಕೊಳ್ಳುವ ಕಲೆ. ಯಾವ ಧಣಿಯಾದರೂ 'ನನ್ನ ಒಕ್ಕಲುಗಳಿಂದ ನನಗೆ ಅನ್ನ ಸಿಕ್ಕಿತು' ಎಂದು ಡೈರಿ ಬರೆದದ್ದನ್ನು ನೀವು ನೋಡಿದ್ದೀರಾ? ಮನೆಕೆಲಸದವಳಿಗೆ 'ನಿಯತ್ತಿಲ್ಲ' ಎನ್ನುವ ಯಜಮಾನಿ, 'ಅವಳು ಬರದಿದ್ದರೆ ನಾನು ಆಫೀಸಿಗೆ ಹೋಗುವಂತಿರಲಿಲ್ಲ' ಎಂದು ಪ್ರತಿ ರಾತ್ರಿ ನೆನೆದು ಮಲಗುತ್ತಾಳೆಯೇ?

ಇದಕ್ಕೆಲ್ಲ ವಿಜ್ಞಾನದ ಬೆಂಬಲ ಇದೆ ಎಂಬ ಮಾತು ಬೇರೆ. ಯಾವ ವಿಜ್ಞಾನ? ಎಲ್ಲರೂ ಬೊಟ್ಟು ಮಾಡುವುದು 2003ರಲ್ಲಿ ಅಮೆರಿಕದ ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕಲೊ ಪ್ರಕಟಿಸಿದ ಅಧ್ಯಯನದ ಕಡೆಗೆ. ಅದರ ಮೊದಲ ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳನ್ನು ಮೂರು ಗುಂಪು ಮಾಡಿದರು. ಹತ್ತು ವಾರ, ವಾರಕ್ಕೊಮ್ಮೆ, ಒಂದು ಗುಂಪು ಕೃತಜ್ಞತೆ ಹುಟ್ಟಿಸಿದ ಸಂಗತಿಗಳನ್ನು ಬರೆಯಬೇಕು, ಇನ್ನೊಂದು ಗುಂಪು ಕಿರಿಕಿರಿಗಳನ್ನು, ಮೂರನೆಯದು ಸುಮ್ಮನೆ ನಡೆದದ್ದನ್ನು. ಮೊದಲ ಗುಂಪಿನವರು ಹೆಚ್ಚು ಗೆಲುವಾಗಿದ್ದರು. ಹತ್ತು ವಾರ ಕೂತು ಕಿರಿಕಿರಿಗಳನ್ನೇ ಪಟ್ಟಿ ಮಾಡಿದವರಿಗಿಂತ ಗೆಲುವಾಗಿರುವುದು ಎಂಥ ಘನಕಾರ್ಯ? ಮುಂದೆ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಕ್ರೆಗ್ ಮತ್ತು ಚೀವನ್ಸ್ ಎಂಬಿಬ್ಬರು ಇಂಥ 27 ಅಧ್ಯಯನಗಳನ್ನು ಒಟ್ಟಿಗೆ ಹಾಕಿ ತೂಗಿದರು. ಖಿನ್ನತೆ, ಆತಂಕಗಳ ಮೇಲೆ ಕೃತಜ್ಞತೆಯ ಅಭ್ಯಾಸಗಳ ಪರಿಣಾಮ ಅಲ್ಪ, ನಿಜವಾಗಿ ಬಳಲುತ್ತಿರುವವರು ಇದಕ್ಕಿಂತ ಗಟ್ಟಿ ಚಿಕಿತ್ಸೆಗೆ ಹೋಗುವುದು ಮೇಲು ಎಂಬುದು ಅವರು ಕಂಡುಕೊಂಡದ್ದು. ಡೈರಿ ಮಾರುವವರು ಈ ಪುಟವನ್ನು ಮಡಿಚಿಟ್ಟಿದ್ದಾರೆ.

ಇನ್ನೊಂದು ಪುಟವನ್ನಂತೂ ಹರಿದೇ ಹಾಕಿದ್ದಾರೆ. 2020ರಲ್ಲಿ ಇನ್ನಾ ಕ್ಸೆನೊಫೊಂಟೊವ್ ಮತ್ತು ಯೂಲಿಯಾ ಬೆಕರ್ ಎಂಬ ಜರ್ಮನಿಯ ಇಬ್ಬರು ಸಂಶೋಧಕಿಯರು ಥ್ಯಾಂಕ್ಸ್ ಎಂಬುದರ ಕೆಡುಕಿನ ಮುಖವನ್ನೇ ಪರೀಕ್ಷೆಗೆ ಒಡ್ಡಿದರು. ಬಲವಿರುವವರಿಂದ ಅನ್ಯಾಯಕ್ಕೆ ಒಳಗಾದವರು, ಅದೇ ಬಲವಿರುವವರು ಮಾಡಿದ ಸಣ್ಣ ಸಹಾಯಕ್ಕೆ ಧನ್ಯವಾದ ಹೇಳಿದಾಗ ಏನಾಗುತ್ತದೆ? ಆ ಅನ್ಯಾಯದ ವಿರುದ್ಧ ಎದ್ದು ನಿಲ್ಲುವ ಅವರ ಮನಸ್ಸು ಕುಗ್ಗುತ್ತದೆ. ಜರ್ಮನಿಯ ಪ್ರಯೋಗಾಲಯದಲ್ಲಿ ಕಂಡದ್ದು ನಮ್ಮ ಒಕ್ಕಲು ಮಕ್ಕಳಿಗೆ ತಲೆತಲಾಂತರದಿಂದ ಗೊತ್ತು. ಅದಕ್ಕಿಂತ ಚೆನ್ನಾಗಿ ಗೊತ್ತಿರುವುದು ಧಣಿಗಳಿಗೆ.

'ಇದು ಪಾಶ್ಚಾತ್ಯರ ಡೈರಿಯ ಗೀಳು, ನಮ್ಮ ಸಂಸ್ಕೃತಿಯ ಕೃತಜ್ಞತೆ ಬೇರೆ' ಎನ್ನುವವರೂ ಇದ್ದಾರೆ. ಅವರನ್ನು ಹಳೇಬೀಡಿಗೆ ಕರೆದೊಯ್ಯಬೇಕು. ಹೊಯ್ಸಳೇಶ್ವರ ದೇವಾಲಯದ ಪಕ್ಕದಲ್ಲಿ ಒಂದು ಕಂಬ ಇದೆ. ಪ್ರವಾಸಿಗರು ಗೋಡೆಯ ಆನೆ, ಕುದುರೆ, ಮದನಿಕೆಯರನ್ನು ನೋಡುವ ಭರದಲ್ಲಿ ಅದನ್ನು ದಾಟಿ ಹೋಗುತ್ತಾರೆ. ಹೊಯ್ಸಳ ದೊರೆ ಎರಡನೇ ವೀರಬಲ್ಲಾಳನ ದಂಡನಾಯಕ ಕುವರ ಲಕ್ಷ್ಮ ತನ್ನ ಒಡೆಯ ಸತ್ತಾಗ ಹೆಂಡತಿ ಸುಗ್ಗಲದೇವಿಯೊಂದಿಗೆ, ತನ್ನ ಪರಿವಾರದವರೊಂದಿಗೆ ಪ್ರಾಣ ಬಿಟ್ಟದ್ದನ್ನು ಹೇಳುವ ಗರುಡಗಂಬ ಅದು. ಹತ್ತಿರ ಹೋಗಿ ನೋಡಿದರೆ ಸಾಲಾಗಿ ಕೆತ್ತಿದ ಮನುಷ್ಯರು ಕತ್ತಿ ಹಿಡಿದು ತಮ್ಮ ಕತ್ತನ್ನು ತಾವೇ ಕೊಯ್ದುಕೊಳ್ಳುತ್ತಿದ್ದಾರೆ. ಒಡೆಯನ ಜೋಳ ತಿಂದದ್ದಕ್ಕೆ ಜೀವ ಕೊಡಬೇಕು ಎಂಬ ನಂಬಿಕೆಗೆ ಅಂದಿನ ಕನ್ನಡದಲ್ಲಿ ಜೋಳವಾಳಿ ಎಂಬ ಹೆಸರೇ ಇತ್ತು. ಜೋಳ ಬೆಳೆದವರು ಯಾರು? ಒಡೆಯ ನೇಗಿಲು ಹಿಡಿದಿದ್ದನೇ? ಆ ಪ್ರಶ್ನೆಯನ್ನು ಕಂಬದಲ್ಲಿ ಯಾರೂ ಕೆತ್ತಿಲ್ಲ.

ಮಹಾಭಾರತದ ಹಿರಿಯರೂ ಇದೇ ಗುಂಪಿನವರು. ಯುದ್ಧದ ಮುಂಚೆ ಆಶೀರ್ವಾದ ಬೇಡಲು ಬಂದ ಧರ್ಮರಾಯನಿಗೆ ಭೀಷ್ಮ, ದ್ರೋಣ, ಕೃಪ, ಶಲ್ಯ ಒಬ್ಬರಾದ ಮೇಲೊಬ್ಬರು ಹೇಳುವುದು ಒಂದೇ ಮಾತು: ಕೌರವರ ಅರ್ಥಕ್ಕೆ ಕಟ್ಟುಬಿದ್ದಿದ್ದೇವೆ. ಸಭೆಯಲ್ಲಿ ದ್ರೌಪದಿಯ ಸೀರೆಗೆ ಕೈ ಹಾಕಿದಾಗ ತಡೆಯದೆ ಕೂತವರಲ್ಲಿ ಭೀಷ್ಮ, ದ್ರೋಣ, ಕೃಪರೂ ಇದ್ದರು. ಕರ್ಣನ ಕಥೆ ಹೇಳಿ ಕಣ್ಣೊರೆಸಿಕೊಳ್ಳುವ ನಾವು, ಅವನ ಸ್ನೇಹನಿಷ್ಠೆಯನ್ನು ಹಾಡಿ ಹೊಗಳುವ ನಾವು, ಅಂದು ಸಭೆಯಲ್ಲಿ ದ್ರೌಪದಿಯ ಬಗ್ಗೆ ಕೀಳು ಮಾತಾಡಿದವನು ಅವನೇ ಎಂಬುದನ್ನು ಮೆಲ್ಲಗೆ ಮರೆಯುತ್ತೇವೆ. ಉಪ್ಪಿನ ಋಣ ಅವನ ನಾಲಿಗೆಯನ್ನೂ ಬಾಡಿಗೆಗೆ ಪಡೆದಿತ್ತು. ಇದನ್ನು ಆದರ್ಶ ಎಂದು ಮಕ್ಕಳಿಗೆ ಕಲಿಸಬೇಕೇ?

ಪುರಾಣ, ಶಾಸನ ಹಳೆಯ ಮಾತಾಯಿತು ಎನ್ನಿ. ನಮ್ಮ ಕಣ್ಣೆದುರಿನ ಕಥೆಗೆ ಬನ್ನಿ.

ದೇವರಾಜ ಅರಸು ಸರ್ಕಾರದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿಗೆ ಕೊಟ್ಟ ಜಮೀನೆಲ್ಲ ಸರ್ಕಾರಕ್ಕೆ ಸೇರಿತು. ಉಳುವವನು ಫಾರಂ ನಂಬರ್ 7 ತುಂಬಿ ಭೂ ನ್ಯಾಯಮಂಡಳಿಗೆ ಅರ್ಜಿ ಹಾಕಿದರೆ ಅದು ಅವನದಾಗುತ್ತಿತ್ತು. ಕರಾವಳಿಯಲ್ಲಿ ಇದಕ್ಕೆ ಡಿಕ್ಲರೇಶನ್ ಕೊಡುವುದು ಎನ್ನುತ್ತಿದ್ದರು. ಕಾನೂನು ಇತ್ತು, ಫಾರಂ ಇತ್ತು, ಕಡೆಯ ದಿನವನ್ನು ಮುಂದೂಡುತ್ತ ಹೋಗಿ 1979ರ ಜೂನ್ 30ರವರೆಗೂ ಅವಕಾಶ ಇತ್ತು. ಆದರೂ ಎಷ್ಟೋ ಒಕ್ಕಲುಗಳು ಡಿಕ್ಲರೇಶನ್ ಕೊಡಲಿಲ್ಲ. ಕೆಲವರು ಹೆದರಿ. ಇನ್ನು ಕೆಲವರು ಹೆದರಿಕೆಗಿಂತ ಗಟ್ಟಿಯಾದ ಒಂದು ಹಗ್ಗಕ್ಕೆ ಸಿಕ್ಕಿ. 'ಧಣಿಗಳ ಮೇಲೆ ಹೇಗೆ ಅರ್ಜಿ ಹಾಕುವುದು? ಮಗಳ ಮದುವೆಗೆ ಅಕ್ಕಿ ಕೊಟ್ಟವರು. ಉಂಡ ಮನೆಯ ಗಳ ಹಿರಿಯುವುದೇ?' ಆ ಕಡೆಯ ಹಳೆಯ ತಲೆಗಳನ್ನು ಕೇಳಿ, ಇದೇ ಮಾತನ್ನು ಹೇಳುತ್ತಾರೆ. ತಲೆಮಾರುಗಳಿಂದ ಗೇಣಿ ಅಳೆದುಕೊಟ್ಟ ಭತ್ತದ ಲೆಕ್ಕ ಒಂದು ಕಡೆ, ಮದುವೆಗೆ ಕೊಟ್ಟ ಒಂದು ಮುಡಿ ಅಕ್ಕಿ ಇನ್ನೊಂದು ಕಡೆ. ತಕ್ಕಡಿಯಲ್ಲಿ ಒಂದು ಮುಡಿ ಅಕ್ಕಿಯೇ ತೂಗಿತು. ಅವಕಾಶ ತಪ್ಪಿಸಿಕೊಂಡವರಿಗಾಗಿ ಸರ್ಕಾರ ಮುಂದೆ 1998ರಲ್ಲಿ ಕಾನೂನಿಗೆ 77ಎ ಸೇರಿಸಿ, ಫಾರಂ 7ಎ ಎಂದು ಮತ್ತೊಂದು ಬಾಗಿಲು ತೆರೆಯಬೇಕಾಯಿತು. ಅಷ್ಟರೊಳಗೆ ಇಪ್ಪತ್ತು ವರ್ಷ ಕಳೆದಿತ್ತು.

ಶಿವರಾಮ ಕಾರಂತರು 1933ರಲ್ಲೇ 'ಚೋಮನ ದುಡಿ'ಯಲ್ಲಿ ಇದನ್ನು ಕಂಡಿದ್ದರು. ಅಲ್ಲಿನ ಒಡೆಯ ಸಂಕಪ್ಪಯ್ಯ ಕ್ರೂರಿಯಲ್ಲ ಎಂಬುದೇ ಆ ಕಾದಂಬರಿಯ ನಿಜವಾದ ಕ್ರೌರ್ಯ. ಒಳ್ಳೆಯ ಮಾತಾಡುತ್ತಾನೆ, ಕನಿಕರ ಪಡುತ್ತಾನೆ, ಉಳಲು ತುಂಡು ಭೂಮಿ ಮಾತ್ರ ಕೊಡುವುದಿಲ್ಲ. ಕೆಟ್ಟ ಒಡೆಯನ ವಿರುದ್ಧ ಏಳಬಹುದು, ಒಳ್ಳೆಯ ಒಡೆಯನ ಎದುರು ಏಳುವುದು ಹೇಗೆ?

ಭೂಮಿಯ ಮಾತು ಬಂದಾಗ ಮನೆಯೊಳಗಿನ ಒಕ್ಕಲುಗಳನ್ನು ಮರೆಯಬಾರದು. ನಮ್ಮ ಅಕ್ಕತಂಗಿಯರು.

ಯಾವುದಾದರೂ ತಾಲ್ಲೂಕಿನ ಉಪನೋಂದಣಾಧಿಕಾರಿ ಕಚೇರಿಗೆ ಒಂದು ಮಧ್ಯಾಹ್ನ ಹೋಗಿ ನಿಲ್ಲಿ. ಪತ್ರ ಬರಹಗಾರರ ಮೇಜಿನ ಮುಂದೆ ಒಂದು ಕುಟುಂಬ ಸಿಕ್ಕೇ ಸಿಗುತ್ತದೆ. ಇಬ್ಬರು ಮೂವರು ಹೆಂಗಸರು ಒಳ್ಳೆಯ ಸೀರೆ ಉಟ್ಟು ಬೆಂಚಿನ ಮೇಲೆ ಕೂತಿರುತ್ತಾರೆ. ಬೆಳಿಗ್ಗೆ ಬಸ್ಸಿನಲ್ಲಿ ಗಂಡನ ಊರಿಂದ ಬಂದವರು. ತಮ್ಮನೋ ಅಣ್ಣನೋ ಓಡಾಡುತ್ತಿರುತ್ತಾನೆ, ಕಾಫಿ ತರಿಸುತ್ತಾನೆ, ತಿಂಡಿ ಆಯಿತಾ ಎಂದು ಎರಡೆರಡು ಸಲ ಕೇಳುತ್ತಾನೆ. ಅಷ್ಟು ಉಪಚಾರ ಅವರಿಗೆ ತವರಿನಲ್ಲಿ ಸಿಗುವುದು ಅಪರೂಪ. ಹೆಸರು ಕೂಗಿದಾಗ ಒಬ್ಬೊಬ್ಬರೇ ಒಳಗೆ ಹೋಗಿ ಕ್ಯಾಮೆರಾಕ್ಕೆ ಮುಖ ತೋರಿಸಿ, ಯಂತ್ರದ ಮೇಲೆ ಹೆಬ್ಬೆರಳು ಒತ್ತುತ್ತಾರೆ. ಹಕ್ಕು ಬಿಡುಗಡೆ ಪತ್ರ. ಅಪ್ಪನ ಜಮೀನಿನಲ್ಲಿ ತಮಗಿದ್ದ ಪಾಲನ್ನು ಬಿಟ್ಟುಕೊಟ್ಟದ್ದಾಗಿ ಅದರಲ್ಲಿ ಬರೆದಿರುತ್ತದೆ. ಪತ್ರದಲ್ಲಿ ಕಾರಣವಾಗಿ ಪ್ರೀತಿ, ವಿಶ್ವಾಸ ಎಂದಿರುತ್ತದೆ. ಸಂಜೆ ಬಸ್ ಹತ್ತಿಸುವಾಗ ಅಣ್ಣ ಕೈಗೆ ಒಂದಿಷ್ಟು ದುಡ್ಡು ಇಡುತ್ತಾನೆ, ಅರಿಶಿನ ಕುಂಕುಮಕ್ಕೆ ಅಂತ.

ಕರ್ನಾಟಕ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಪಾಲು ಕೊಟ್ಟದ್ದು 1994ರಲ್ಲಿ, ಅಂದು ಮದುವೆಯಾಗಿರದವರಿಗೆ. 2005ರಲ್ಲಿ ಕೇಂದ್ರದ ತಿದ್ದುಪಡಿ ಬಂದು ಆ ಭೇದವೂ ಹೋಯಿತು. 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ಪ್ರಕರಣದಲ್ಲಿ, ಮಗಳಿಗೆ ಈ ಹಕ್ಕು ಹುಟ್ಟಿನಿಂದಲೇ ಬರುತ್ತದೆ, 2005ರಲ್ಲಿ ಅಪ್ಪ ಬದುಕಿದ್ದನೋ ಇಲ್ಲವೋ ಎಂಬುದು ಮುಖ್ಯವಲ್ಲ ಎಂದು ಖಚಿತವಾಗಿ ಹೇಳಿತು. ಕಾನೂನಿನ ಕಡೆಯಿಂದ ಇನ್ನೇನು ಬೇಕು? ಆದರೆ ಕಾನೂನಿಗಿಂತ ಗೌರಿ ಹಬ್ಬ ದೊಡ್ಡದು. 'ವರ್ಷಾ ವರ್ಷ ಬಾಗಿನ ಕೊಟ್ಟವರು, ಬಾಣಂತನ ಮಾಡಿದವರು, ಮದುವೆಗೆ ಸಾಲ ಮಾಡಿದವರು. ಅಂಥವರ ಹತ್ತಿರ ಪಾಲು ಕೇಳುತ್ತಾಳಲ್ಲ, ಎಂಥ ಹೆಣ್ಣು!' ಪಾಲು ಕೇಳಿದ ಮಗಳಿಗೆ ತವರಿನ ಬಾಗಿಲು ಮುಚ್ಚುತ್ತದೆ. ಕೇಳದ ಮಗಳನ್ನು ಊರೆಲ್ಲ ಹೊಗಳುತ್ತದೆ. ಎಕರೆಗಟ್ಟಲೆ ತೋಟದ ಬದಲಿಗೆ ಒಂದು ಮೊರ, ಅದರಲ್ಲಿ ಬಳೆ, ಕನ್ನಡಿ, ಅಕ್ಕಿ ಬೇಳೆ, ಒಂದು ರವಿಕೆ ಕಣ. ಇದಕ್ಕೆ ಅವಳು ವರ್ಷಪೂರ್ತಿ ಋಣಿ.

ಇನ್ನೂ ಜಾಣರು ಪತ್ರದ ಗೋಜಿಗೇ ಹೋಗುವುದಿಲ್ಲ. ಪೌತಿ ಖಾತೆಗೆ ಅರ್ಜಿ ಹಾಕುವಾಗ ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರನ್ನೇ ಬಿಟ್ಟುಬಿಡುತ್ತಾರೆ. ಆ ಮರದಲ್ಲಿ ಹೆಣ್ಣು ಕೊಂಬೆ ಚಿಗುರಲೇ ಇಲ್ಲ ಎಂಬಂತೆ. ಮುಂದಿನ ವಾರ ಅದೇ ಅಣ್ಣ ಸೀರೆ ಹಿಡಿದು ತಂಗಿಯ ಮನೆ ಬಾಗಿಲಲ್ಲಿ ನಿಂತಿರುತ್ತಾನೆ. ಅವಳು ಕಣ್ತುಂಬಿಕೊಂಡು ಆರತಿ ಎತ್ತುತ್ತಾಳೆ. ಈ ತಂಗಿಗೆ ಇನ್ನೂ ಹೆಚ್ಚು ಕೃತಜ್ಞತೆ ರೂಢಿಸಿಕೊಳ್ಳಲು ಹೇಳುವ ತರಬೇತುದಾರ ಯಾರ ಕೆಲಸ ಮಾಡುತ್ತಿದ್ದಾನೆ?

ಗಂಡನ ಮನೆಯಲ್ಲಿ ಇದೇ ರಾಗದ ಇನ್ನೊಂದು ಚರಣ. ಕೆಲಸಕ್ಕೆ ಹೋಗಲು 'ಬಿಟ್ಟಿದ್ದಾರೆ', ಎಷ್ಟು ಪುಣ್ಯ ಮಾಡಿದ್ದೀಯ. ಗಂಡ ಭಾನುವಾರ ತರಕಾರಿ ಹೆಚ್ಚಿಕೊಡುತ್ತಾನೆ, ಎಂಥ ಅದೃಷ್ಟ. ವಾರದ ಉಳಿದ ದಿನ ಅವನು ಉಂಡದ್ದು ಯಾರ ಅದೃಷ್ಟದಿಂದ ಎಂದು ಯಾರೂ ಕೇಳುವುದಿಲ್ಲ.

ಆ ಸೊಸೆ ಆಫೀಸಿಗೆ ಹೋದ ಮೇಲೆ ಮನೆಗೆ ಬರುವ ಹೆಂಗಸಿನ ಕಥೆಯನ್ನು ಇನ್ನು ಬಿಡಿಸಿ ಹೇಳಬೇಕೇ? ನಾಲ್ಕು ಮನೆ ಪಾತ್ರೆ ತೊಳೆಯುವವಳು. ಕರ್ನಾಟಕದಲ್ಲಿ ಮನೆಕೆಲಸಕ್ಕೆ ಕನಿಷ್ಠ ವೇತನ ನಿಗದಿಯಾಗಿ ವರ್ಷಗಳೇ ಕಳೆದಿವೆ ಎಂಬುದು ಅವಳಿಗೂ ಗೊತ್ತಿಲ್ಲ, ಅವಳ ಯಜಮಾನಿಯರಿಗೂ ಗೊತ್ತಿಲ್ಲ. ವಾರದ ರಜೆ ಕೇಳಿದರೆ ಮುಖ ಊದುತ್ತದೆ. ಆದರೆ ನಿನ್ನೆಯ ಸಾರು, ಎರಡು ವರ್ಷ ಉಟ್ಟ ಸೀರೆ, ಮಗುವಿನ ಹಳೆಯ ಶೂ ಎಲ್ಲವೂ ಲೆಕ್ಕದಲ್ಲಿವೆ. 'ನಾವು ಅವಳಿಗೆ ಏನು ಕಮ್ಮಿ ಮಾಡಿದ್ದೇವೆ? ನೂರು ರೂಪಾಯಿ ಜಾಸ್ತಿ ಕೊಡುತ್ತಾರೆ ಅಂತ ಪಕ್ಕದ ಮನೆಗೆ ಹೋದಳಲ್ಲ, ಉಪಕಾರಸ್ಮರಣೆಯೇ ಇಲ್ಲ ಈ ಜನಕ್ಕೆ.' ಇದೇ ಮಾತಾಡಿದ ಯಜಮಾನಿಯ ಮಗ ಮೂರು ವರ್ಷದಲ್ಲಿ ಮೂರು ಐಟಿ ಕಂಪನಿ ಬದಲಿಸಿದಾಗ ಅದಕ್ಕೆ ಕೆರಿಯರ್ ಎಂದು ಹೆಸರು.

ಮನೆಗಳ ಈ ಸಣ್ಣ ವ್ಯಾಪಾರವನ್ನು ದೊಡ್ಡ ಪ್ರಮಾಣದಲ್ಲಿ ನಡೆಸುವುದು ಸರ್ಕಾರ. ಅದರ ಚೊಕ್ಕ ಉದಾಹರಣೆ ಆಶಾ ಕಾರ್ಯಕರ್ತೆಯರು. ಗರ್ಭಿಣಿಯರ ಪಟ್ಟಿ, ಬಾಣಂತಿಯರ ಭೇಟಿ, ಮಕ್ಕಳ ಲಸಿಕೆ, ಕ್ಷಯ, ಡೆಂಗಿ, ಒಂದಾದ ಮೇಲೊಂದು ಸಮೀಕ್ಷೆ. ರಾಜ್ಯದಲ್ಲಿ 40 ಸಾವಿರಕ್ಕೂ ಹೆಚ್ಚು ಹೆಂಗಸರು ಈ ಕೆಲಸ ಮಾಡುತ್ತಾರೆ. ಸರ್ಕಾರದ ಕಡತದಲ್ಲಿ ಇವರು ನೌಕರರಲ್ಲ, ಸ್ವಯಂಸೇವಕಿಯರು. ಸಿಗುವುದು ಸಂಬಳವಲ್ಲ, ಗೌರವಧನ ಮತ್ತು ಪ್ರೋತ್ಸಾಹಧನ. ಸರ್ಕಾರದ ಪೋರ್ಟಲ್‌ನಲ್ಲಿ ದಾಖಲಾಗದ ಕೆಲಸಕ್ಕೆ ಪ್ರೋತ್ಸಾಹಧನವೂ ಇಲ್ಲ. ಸಂಬಳ ಎಂದು ಕರೆದರೆ ಕನಿಷ್ಠ ವೇತನ, ಪಿಎಫ್, ರಜೆ ಎಲ್ಲ ಬಾಲದಂತೆ ಹಿಂದೆ ಬರುತ್ತವೆ. ಗೌರವಕ್ಕೆ ಯಾವ ಬಾಲವೂ ಇಲ್ಲ.

ಕೋವಿಡ್ ಹೊತ್ತಿನಲ್ಲಿ, 2020ರ ಮಾರ್ಚ್ 22ರ ಸಂಜೆ 5 ಗಂಟೆಗೆ ದೇಶವೇ ಬಾಲ್ಕನಿಗೆ ಬಂದು ಆರೋಗ್ಯ ಸಿಬ್ಬಂದಿಗೆ ಕೃತಜ್ಞತೆ ಸಲ್ಲಿಸಲು ಚಪ್ಪಾಳೆ ತಟ್ಟಿತು, ತಟ್ಟೆ ಬಡಿಯಿತು. ಮೇ 3ರಂದು ಸೇನಾಪಡೆಗಳ ಹೆಲಿಕಾಪ್ಟರ್‌ಗಳು ಆಸ್ಪತ್ರೆಗಳ ಮೇಲೆ ಹೂಮಳೆ ಸುರಿಸಿದವು. ಜುಲೈ 10ರಂದು ಕರ್ನಾಟಕದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12 ಸಾವಿರ ರೂಪಾಯಿ ಖಚಿತ ಗೌರವಧನ ಕೇಳಿ ಕೆಲಸ ನಿಲ್ಲಿಸಿದರು. ಆಗ ಬಾಲ್ಕನಿಗಳಲ್ಲಿ ಯಾರೂ ಇರಲಿಲ್ಲ. ಇಂಥ ಹೊತ್ತಿನಲ್ಲಿ ಮುಷ್ಕರವೇ ಎಂದು ಮೂಗು ಮುರಿದವರು ಬೇಕಾದಷ್ಟು ಜನ ಇದ್ದರು. 2022ರ ಮೇ 22ರಂದು ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾ ಕಾರ್ಯಕರ್ತೆಯರಿಗೆ ಜಾಗತಿಕ ಆರೋಗ್ಯ ನಾಯಕರ ಪ್ರಶಸ್ತಿ ಕೊಟ್ಟಿತು. ಅಭಿನಂದನೆಗಳ ಸುರಿಮಳೆ. 2025ರ ಜನವರಿಯಲ್ಲಿ ಅದೇ ಜಾಗತಿಕ ನಾಯಕಿಯರು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಚಳಿಯಲ್ಲಿ ಮಲಗಿ, 10 ಸಾವಿರದ ಭರವಸೆ ಪಡೆದು ಮನೆಗೆ ಹೋದರು. ಲೆಕ್ಕ ಹಾಕಿ ನೋಡಿ. 2020ರಲ್ಲಿ ಕೇಳಿದ್ದು 12 ಸಾವಿರ. ನಡುವೆ ನಾಲ್ಕೂವರೆ ವರ್ಷದ ಬೆಲೆಯೇರಿಕೆ, ಒಂದು ಮಹಾಮಾರಿ, ಒಂದು ಅಂತರರಾಷ್ಟ್ರೀಯ ಪ್ರಶಸ್ತಿ. ಸಿಕ್ಕ ಭರವಸೆ 10 ಸಾವಿರ.

ಹೂಮಳೆ ಸುರಿದ ಆ ವಾರವೇ ನಡೆದ ಇನ್ನೊಂದು ಸಂಗತಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ವಲಸೆ ಕಾರ್ಮಿಕರು ಊರಿಗೆ ಹೋಗಲು ಶ್ರಮಿಕ ರೈಲುಗಳು ಹೊರಟಿದ್ದವು. 2020ರ ಮೇ 5ರಂದು ಅಂದಿನ ಮುಖ್ಯಮಂತ್ರಿಗಳು ಬಿಲ್ಡರ್‌ಗಳ ಜೊತೆ ಸಭೆ ನಡೆಸಿದರು. ಅಂದೇ ರಾಜ್ಯ ಸರ್ಕಾರ ರೈಲುಗಳು ಬೇಡ ಎಂದು ರೈಲ್ವೆಗೆ ಬರೆಯಿತು. ದೇಶವೆಲ್ಲ ಛೀಮಾರಿ ಹಾಕಿದ ಮೇಲೆ ಎರಡೇ ದಿನದಲ್ಲಿ ನಿರ್ಧಾರ ಬದಲಾಯಿತು. ಊಟ ಕೊಟ್ಟಿದ್ದೇವೆ, ಇರಲು ಜಾಗ ಕೊಟ್ಟಿದ್ದೇವೆ, ಇನ್ನು ನೀವು ಹೋಗುವುದೇಕೆ ಎಂಬ ತರ್ಕದ ಬೇರು ಎಲ್ಲಿದೆ ಗೊತ್ತಾಯಿತೇ? ಜೋಳವಾಳಿಯಲ್ಲಿ. ಅನ್ನ ಹಾಕಿದವನಿಗೆ ನಿನ್ನ ಕಾಲೂ ಸೇರಿದ್ದು.

ಪಡಿತರದ ಚೀಲದ ಮೇಲೆ ನಾಯಕರ ಫೋಟೊ, ಆಂಬುಲೆನ್ಸ್ ಮೇಲೆ ಶಾಸಕರ ಫೋಟೊ, ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೂ ಹೆಸರು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. 2013ರಿಂದ ಆಹಾರ ಈ ದೇಶದಲ್ಲಿ ಕಾನೂನು ಕೊಟ್ಟ ಹಕ್ಕು. ಹಕ್ಕನ್ನು ಪಡೆಯುವವನಿಗೆ ಸರ್ಕಾರಿ ಭಾಷೆಯಲ್ಲಿ ಈಗಲೂ ಫಲಾನುಭವಿ ಎಂದೇ ಹೆಸರು. ಯಾವ ಪಕ್ಷ ಬಂದರೂ ಫಲಾನುಭವಿಗಳ ಸಮಾವೇಶ ತಪ್ಪುವುದಿಲ್ಲ. ಬಸ್ಸಿನಲ್ಲಿ ತುಂಬಿಕೊಂಡು ಬಂದು, ಬಿಸಿಲಲ್ಲಿ ಕೂರಿಸಿ, ಒಬ್ಬ ಹೆಂಗಸಿನ ಕೈಗೆ ಮೈಕ್ ಕೊಟ್ಟು, 'ನಿಮ್ಮಿಂದ ನಮ್ಮ ಮನೆಯ ಒಲೆ ಉರಿಯುತ್ತಿದೆ ಸ್ವಾಮಿ' ಎಂದು ಹೇಳಿಸಬೇಕು. ಉದ್ಯಮಿಗಳಿಗೆ ತೆರಿಗೆ ರಿಯಾಯಿತಿ ಕೊಟ್ಟಾಗ ಅವರನ್ನು ಹೀಗೆ ಬಸ್ಸಿನಲ್ಲಿ ತಂದು ಕಣ್ಣೀರು ಹಾಕಿಸಿದ್ದನ್ನು ನಾನಂತೂ ನೋಡಿಲ್ಲ.

ಈ ರೋಗವನ್ನು ಮೊದಲೇ ಗುರುತಿಸಿ ಹೇಳಿದವರು ಒಬ್ಬರಿದ್ದರು. 1949ರ ನವೆಂಬರ್ 25ರಂದು ಸಂವಿಧಾನ ಸಭೆಯ ಕೊನೆಯ ದೊಡ್ಡ ಭಾಷಣದಲ್ಲಿ ಅಂಬೇಡ್ಕರ್, ಐರ್ಲೆಂಡಿನ ದೇಶಭಕ್ತ ಡೇನಿಯಲ್ ಓಕಾನೆಲ್‌ನನ್ನು ನೆನೆದು, ಮಾನವನ್ನು ಒತ್ತೆ ಇಟ್ಟು ಯಾರೂ ಕೃತಜ್ಞರಾಗಿರಲು ಸಾಧ್ಯವಿಲ್ಲ, ಸ್ವಾತಂತ್ರ್ಯವನ್ನು ಒತ್ತೆ ಇಟ್ಟು ಯಾವ ದೇಶವೂ ಕೃತಜ್ಞವಾಗಿರಲಾಗದು ಎಂಬ ಅರ್ಥದ ಮಾತು ಹೇಳಿದರು. ದೇಶಕ್ಕೆ ಜೀವ ತೇದ ದೊಡ್ಡವರಿಗೂ ಈ ಗಡಿ ದಾಟಿದ ಕೃತಜ್ಞತೆ ಸಲ್ಲದು ಎಂಬುದು ಅವರ ಎಚ್ಚರಿಕೆ. ಜಾತಿ ವ್ಯವಸ್ಥೆಯ ತಳದಿಂದ ಬಂದವರಿಗೆ ಈ ಎಚ್ಚರ ಬೇರೆಯವರಿಗಿಂತ ಮೊದಲು ಹುಟ್ಟುತ್ತದೆ. ಎಂಜಲೆಲೆಗೂ ಕೈಮುಗಿಯಬೇಕು ಎಂದು ಕಲಿಸಿದ ಊರಿನಲ್ಲಿ ಕೃತಜ್ಞತೆ ಯಾವ ಬಣ್ಣದ್ದು ಎಂದು ಅವರಿಗೆ ಗೊತ್ತು.

ಕೃತಜ್ಞತೆಯ ಪಾಠ ತಲುಪದ ಹೆಂಗಸರು ಏನು ಮಾಡುತ್ತಾರೆ ಎಂಬುದನ್ನು ಬೆಂಗಳೂರು ಒಮ್ಮೆ ಕಂಡಿದೆ. 2016ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಪಿಎಫ್ ನಿಯಮ ಬದಲಿಸಿ, ಮಾಲೀಕರ ಪಾಲಿನ ಹಣವನ್ನು 58 ವರ್ಷ ಆಗುವವರೆಗೆ ತೆಗೆಯುವಂತಿಲ್ಲ ಎಂದಿತು. ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಪಿಎಫ್ ಎಂದರೆ ಮಗಳ ಮದುವೆ, ಮಗನ ಫೀಸು, ಊರಿನ ಸಾಲ. ಅಷ್ಟು ವರ್ಷ ಹೊಲಿಗೆ ಯಂತ್ರದ ಮುಂದೆ ಬೆನ್ನು ಮುರಿದುಕೊಂಡು ಕೂಡಿಟ್ಟದ್ದು. ಏಪ್ರಿಲ್ 18ರಂದು ಅವರು ಯಾವ ನಾಯಕರ ಅಪ್ಪಣೆಯನ್ನೂ ಕಾಯದೆ ಹೊಸೂರು ರಸ್ತೆಗೆ ಇಳಿದರು. ಮಾರನೆಯ ದಿನವೂ ಇಳಿದರು. ನಗರ ಸ್ತಬ್ಧವಾಯಿತು. ಕಲ್ಲು, ಲಾಠಿ, ಬೆಂಕಿಯೂ ಆಯಿತು. ಏಪ್ರಿಲ್ 19ರ ಸಂಜೆಯೊಳಗೆ ಕೇಂದ್ರ ಕಾರ್ಮಿಕ ಸಚಿವರು ಆ ಅಧಿಸೂಚನೆಯನ್ನು ಹಿಂದಕ್ಕೆ ಪಡೆದರು. ಈ ಹೆಣ್ಣುಮಕ್ಕಳು ಅಂದು ರಸ್ತೆಯ ಬದಲಿಗೆ ಡೈರಿ ಹಿಡಿದು, ಕೆಲಸ ಇರುವುದೇ ಪುಣ್ಯ ಎಂದು ಬರೆಯುತ್ತ ಕೂತಿದ್ದರೆ? ಅವರ ದುಡ್ಡು ಇವತ್ತಿಗೂ ಅವರ ಕೈಗೆ ಬರುತ್ತಿರಲಿಲ್ಲ. ದೇಶದ ಉಳಿದ ಕಾರ್ಮಿಕರದ್ದೂ ಅಷ್ಟೇ. ಅಂದು ಟ್ರಾಫಿಕ್‌ನಲ್ಲಿ ಸಿಕ್ಕಿ ಶಪಿಸಿದ ಐಟಿ ನೌಕರರ ಪಿಎಫ್ ಕೂಡ ಅವರಿಂದಲೇ ಉಳಿಯಿತು. ಯಾರಾದರೂ ಅವರಿಗೆ ಧನ್ಯವಾದ ಹೇಳಿದರೇ?

ಹಾಗಾದರೆ ಅಮ್ಮನಿಗೆ, ಮೇಷ್ಟರಿಗೆ, ಕಷ್ಟಕ್ಕಾದ ಗೆಳೆಯನಿಗೆ ಕೃತಜ್ಞರಾಗಿರಬಾರದೇ ಎಂದು ಕೇಳುವವರು ಇದ್ದೇ ಇರುತ್ತಾರೆ. ಅದಕ್ಕೆ ಡೈರಿ ಬೇಕೇ? ತರಬೇತಿ ಬೇಕೇ? ರಾತ್ರಿ ಮಗುವಿಗೆ ಜ್ವರ ಬಂದಾಗ ಆಟೋ ತೆಗೆದುಕೊಂಡು ಬಂದ ನೆರೆಯವನ ನೆನಪು ತಾನಾಗಿ ಉಳಿಯುತ್ತದೆ. ಅವನು ಅದನ್ನು ಲೆಕ್ಕದಲ್ಲಿ ಬರೆದಿಟ್ಟಿರುವುದಿಲ್ಲ, ನಾಳೆ ನಮ್ಮ ಬಾಯಿ ಮುಚ್ಚಿಸಲು ಅದನ್ನು ತೆಗೆಯುವುದೂ ಇಲ್ಲ. ಬೆಳೆಸು, ರೂಢಿಸಿಕೊ, ಅಭ್ಯಾಸ ಮಾಡು ಎಂದು ಹಿಂದೆ ಬಿದ್ದು ಕಲಿಸಬೇಕಾದ ಕೃತಜ್ಞತೆ ಬೇರೆಯೇ ಜಾತಿಯದ್ದು. ಕಲಿಸುವವನ ಕಿಸೆಯನ್ನು ಒಮ್ಮೆ ನೋಡಿದರೆ ಸಾಕು.

ಆದ್ದರಿಂದ ಪಾಠವನ್ನು ಸ್ವಲ್ಪ ಕಾಲ ತಿರುಗಿಸೋಣ. ಕೃತಜ್ಞತೆ ಅಷ್ಟು ಒಳ್ಳೆಯದಾದರೆ ಮೊದಲು ಕೊಡುವ ಕೈಗಳು ಕಲಿಯಲಿ. ಅಣ್ಣತಮ್ಮಂದಿರೇ, ತಂಗಿಯ ಪ್ರೀತಿಗೆ ಋಣಿಗಳಾಗಿದ್ದರೆ ಪೌತಿ ಖಾತೆಯ ಅರ್ಜಿಯಲ್ಲಿ ಅವಳ ಹೆಸರು ಬರೆಸಿ, ಪಹಣಿಯಲ್ಲಿ ಬಂತೇ ಎಂದು ನೋಡಿ. ಬಿಟ್ಟುಕೊಡುವುದಾದರೆ ಆಮೇಲೆ ಅವಳೇ ಯೋಚಿಸಲಿ, ನೀವು ಕಾಫಿ ತರಿಸಿ ಯೋಚಿಸಿಕೊಡಬೇಡಿ. ಯಜಮಾನಿಯರೇ, ಹಳೆಯ ಸೀರೆ ನಿಮ್ಮ ಬೀರುವಿನಲ್ಲೇ ಇರಲಿ, ಕನಿಷ್ಠ ವೇತನ ಎಷ್ಟೆಂದು ಕಾರ್ಮಿಕ ಇಲಾಖೆಯಲ್ಲಿ ವಿಚಾರಿಸಿ, ವಾರಕ್ಕೊಂದು ರಜೆ ಕೊಡಿ. ಕಂಪನಿಗಳೇ, ತರಬೇತುದಾರನ ಫೀಸನ್ನು ಸಂಬಳಕ್ಕೆ ಸೇರಿಸಿ. ಪಡೆಯುವವರೇ, ಸಂಬಳ, ಪಡಿತರ, ಪಿಂಚಣಿ, ಅಪ್ಪನ ಆಸ್ತಿಯ ಪಾಲು, ಇವುಗಳಿಗೆ ಕೈಮುಗಿಯಬೇಡಿ. ಎಣಿಸಿ ತೆಗೆದುಕೊಳ್ಳಿ, ಕಡಿಮೆ ಇದ್ದರೆ ಕೇಳಿ. ಕೃತಘ್ನ ಎಂದು ಬೈದರೆ ಬೈಸಿಕೊಳ್ಳಿ, ಆದರೆ ಕೇಳಿ.

ಸರ್ಕಾರಕ್ಕೆ ಹೇಳುವುದು ಒಂದೇ. ಆಶಾ, ಅಂಗನವಾಡಿ, ಬಿಸಿಯೂಟದ ಹೆಂಗಸರನ್ನು ಕಾರ್ಮಿಕರೆಂದು ಗುರುತಿಸಿ, ಕನಿಷ್ಠ ವೇತನ, ಸಾಮಾಜಿಕ ಭದ್ರತೆ ಕೊಡಬೇಕೆಂದು ಶಿಫಾರಸು ಮಾಡಿದ್ದು 45ನೇ ಭಾರತೀಯ ಕಾರ್ಮಿಕ ಸಮ್ಮೇಳನ. ಅದು 2013ರ ಮೇ ತಿಂಗಳ ಮಾತು. ಸರ್ಕಾರ, ಮಾಲೀಕರು, ಕಾರ್ಮಿಕರು ಮೂವರೂ ಕೂತಿದ್ದ ಸಭೆ. ಆ ಶಿಫಾರಸನ್ನು ಜಾರಿಗೆ ತನ್ನಿ. ಚಪ್ಪಾಳೆಯ ಮಾತು ಆಮೇಲೆ.